ಹುಡುಕದೆಯೇ ಇಲ್ಲವೆನ್ನುವುದು

170141183460469231731687303715884105727. ಎರಡರ 127ನೇ ಘಾತದಿಂದ ಒಂದನ್ನು ಕಳೆದರೆ ಬರುವ ಸಂಖ್ಯೆ ಇದು, 39 ಅಂಕಿ. ಇದು ಅವಿಭಾಜ್ಯ ಎಂದು ಫ್ರಾನ್ಸಿನ ಎದುವಾರ್ ಲುಕಾ 1876ರಲ್ಲಿ ಕಂಡುಕೊಂಡ. ಯಂತ್ರದ ನೆರವಿರಲಿಲ್ಲ, ಎಲ್ಲವೂ ಕೈಲೆಕ್ಕ. 1951ರವರೆಗೂ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಸಿಗಲಿಲ್ಲ.

ಅವಿಭಾಜ್ಯ ಎನ್ನುವುದು ಒಂದು ನಿರಾಕರಣೆ. ಒಂದು ಮತ್ತು ತಾನು, ಇವೆರಡನ್ನು ಬಿಟ್ಟರೆ ತನ್ನನ್ನು ಭಾಗಿಸುವ ಸಂಖ್ಯೆಯೇ ಇಲ್ಲ ಎನ್ನುತ್ತದೆ ಅದು. ಇಲ್ಲ ಎಂಬುದನ್ನು ತಿಳಿಯುವುದು ಹೇಗೆ? ನಮ್ಮ ಭಾಟ್ಟ ಮೀಮಾಂಸಕರು ಇದಕ್ಕೆಂದೇ ಅನುಪಲಬ್ಧಿ ಎಂಬ ಬೇರೆ ಪ್ರಮಾಣವನ್ನು ಒಪ್ಪಿದ್ದರು. ನೆಲದ ಮೇಲೆ ಗಡಿಗೆ ಇದ್ದಿದ್ದರೆ ಕಾಣಬೇಕಿತ್ತು, ಕಾಣಲಿಲ್ಲ, ಆದ್ದರಿಂದ ಇಲ್ಲ. ಆದರೆ ಅದು ಕಾಣಲು ಯೋಗ್ಯವಾದ ವಸ್ತುವಾಗಿರಬೇಕು, ಬೆಳಕಿರಬೇಕು. ಕತ್ತಲಲ್ಲಿ ಕಾಣದ ಗಡಿಗೆಯನ್ನು ಇಲ್ಲವೆನ್ನುವಂತಿಲ್ಲ.

ಶಾಲೆಯಲ್ಲಿ ಕಲಿಸುವ ದಾರಿ ಇದೇ. ಮೂರರಿಂದ, ಐದರಿಂದ, ಏಳರಿಂದ ಭಾಗಿಸುತ್ತ ವರ್ಗಮೂಲದವರೆಗೆ ಹೋಗಿ ನೋಡು. ಲುಕಾನ ಸಂಖ್ಯೆಯ ವರ್ಗಮೂಲಕ್ಕೇ 20 ಅಂಕಿ. ಸೆಕೆಂಡಿಗೊಂದರಂತೆ ಬೆಸಸಂಖ್ಯೆಗಳಿಂದ ಭಾಗಿಸುತ್ತ ಕೂತರೆ ವಿಶ್ವದ ಈವರೆಗಿನ ಆಯಸ್ಸೂ ಸಾಲದು. ಅವನು ನೆಲ ಹುಡುಕುವ ಗೋಜಿಗೇ ಹೋಗಲಿಲ್ಲ.

ಅವನ ಉಪಾಯವನ್ನು ಲೇಮರ್ ಎಂಬ ಗಣಿತಜ್ಞ 1930ರ ದಶಕದಲ್ಲಿ ಸರಳಗೊಳಿಸಿದ. ಆ ರೂಪದಲ್ಲಿ 31ನ್ನು, ಅಂದರೆ ಎರಡರ ಐದನೇ ಘಾತದಿಂದ ಒಂದು ಕಳೆದದ್ದನ್ನು, ಪರೀಕ್ಷಿಸೋಣ. ನಾಲ್ಕರಿಂದ ಶುರು. ವರ್ಗ ಮಾಡಿ ಎರಡು ಕಳೆದರೆ 14. ಮತ್ತೆ ಹಾಗೇ ಮಾಡಿದರೆ 194. 31ರಿಂದ ಭಾಗಿಸಿದರೆ ಶೇಷ 8. ಇನ್ನೊಮ್ಮೆ ಮಾಡಿದರೆ 62, ಶೇಷ ಸೊನ್ನೆ. ಘಾತ ಐದಾದ್ದರಿಂದ ಎರಡು ಕಡಿಮೆ, ಮೂರೇ ಹೆಜ್ಜೆ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 31ನ್ನು ಮೂರು ಭಾಗಿಸುತ್ತದೆಯೇ, ಐದು ಭಾಗಿಸುತ್ತದೆಯೇ ಎಂಬ ಪ್ರಶ್ನೆಯೇ ಏಳಲಿಲ್ಲ. ಹೀಗೇಕೆ ಆಗುತ್ತದೆ ಎಂಬುದಕ್ಕೆ ಸಾಧನೆ ಇದೆ. ಅದನ್ನು ಓದಿದ ಮೇಲೂ ನನಗೆ ಈ ಸೊನ್ನೆಯ ಮೇಲಿನ ಬೆರಗು ಇಳಿದಿಲ್ಲ.

1876ರಲ್ಲೇ ಲುಕಾ ಇನ್ನೊಂದು ತೀರ್ಪನ್ನೂ ಕೊಟ್ಟಿದ್ದ. ಮೆರ್ಸೆನ್ ಎಂಬ ಪಾದ್ರಿ 1644ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ಎರಡರ 67ನೇ ಘಾತದಿಂದ ಒಂದು ಕಳೆದದ್ದು ಅವಿಭಾಜ್ಯ. ಅಲ್ಲ ಎಂದ ಲುಕಾ. ಹಾಗಾದರೆ ಅದನ್ನು ಭಾಗಿಸುವುದು ಯಾವುದು? ಅವನಿಗೂ ಗೊತ್ತಿರಲಿಲ್ಲ. ಉತ್ತರ ಬಂದದ್ದು 1903ರಲ್ಲಿ, ನ್ಯೂಯಾರ್ಕಿನಲ್ಲಿ. ಫ್ರಾಂಕ್ ನೆಲ್ಸನ್ ಕೋಲ್ ಎಂಬ ಗಣಿತಜ್ಞ ಸಭೆಯೊಂದರಲ್ಲಿ ತುಟಿ ಬಿಚ್ಚದೆ ಬೋರ್ಡಿನ ಮೇಲೆ 193707721ನ್ನು 761838257287ರಿಂದ ಗುಣಿಸಿ ತೋರಿಸಿ ಹೋಗಿ ಕುಳಿತನಂತೆ. ಕತೆಗೆ ಸ್ವಲ್ಪ ಬಣ್ಣ ಹತ್ತಿರಬಹುದು, ಗುಣಾಕಾರ ಮಾತ್ರ ಸರಿಯಾಗಿದೆ.

ಆ 27 ವರ್ಷ ಜನರಿಗೆ ಗೊತ್ತಿದ್ದದ್ದು ಅರೆಬರೆ ತಿಳಿವಳಿಕೆಯೇ? ನನಗೆ ಹಾಗನ್ನಿಸುವುದಿಲ್ಲ. ಕೋಲ್ ತಂದದ್ದು ಹೊಸ ಖಚಿತತೆಯಲ್ಲ, ಕಣ್ಣಿಗೆ ಕಾಣುವ ಸಮಾಧಾನ. ಆ ಸಮಾಧಾನ ಎಲ್ಲ ಸಂಖ್ಯೆಗಳ ವಿಷಯದಲ್ಲೂ ಸಿಕ್ಕಿಲ್ಲ. ಎರಡರ 1277ನೇ ಘಾತದಿಂದ ಒಂದು ಕಳೆದರೆ 385 ಅಂಕಿಗಳ ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯವಲ್ಲವೆಂಬುದು ಸಿದ್ಧವಾಗಿದೆ. ಕಂಪ್ಯೂಟರುಗಳು ಎಷ್ಟು ತಡಕಿದರೂ ಅದರ ಒಂದು ಅಪವರ್ತನವೂ ಇನ್ನೂ ಕೈಗೆ ಸಿಕ್ಕಿಲ್ಲ.