ಮಾತ್ರೆ ನುಂಗುವವರ ಮುಖವನ್ನು ಓದುವುದು ಹೇಗೆ?

ಮುಖ ನೋಡಿ ಮನಸ್ಸನ್ನು ಅಳೆಯುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಸಾವಿನ ಮನೆಯಲ್ಲಿ ಕಣ್ಣು ಒದ್ದೆಯಾಗದ ಮಗನನ್ನು ಕಲ್ಲೆದೆಯವನು ಎನ್ನುತ್ತೇವೆ. ಜುಮಾ ಪ್ರವಚನದ ನಡುವೆ ನಾಲ್ಕು ಸಲ ಎದ್ದು ಹೋಗುವವನನ್ನು ಶಿಸ್ತಿಲ್ಲದವನು ಎನ್ನುತ್ತೇವೆ. ಒಬ್ಬಳೇ ಕುಳಿತು ತುಟಿ ಆಡಿಸುವ ಹೆಂಗಸಿಗೆ ಜಿನ್ನ್ ಹಿಡಿದಿದೆ ಎನ್ನುವವರೂ ನಮ್ಮ ನಡುವೆ ಇದ್ದಾರೆ. ಇವರೆಲ್ಲ ಮನೋರೋಗಕ್ಕೆ ಔಷಧಿ ಸೇವಿಸುತ್ತಿರುವವರಾದರೆ ನಮ್ಮ ಮೂರು ತೀರ್ಪುಗಳೂ ತಪ್ಪಾಗಿರಬಹುದು.

1952ರಲ್ಲಿ ಪ್ಯಾರಿಸ್‌ನ ವೈದ್ಯರಾದ ಝಾನ್ ಡಿಲೇ ಮತ್ತು ಪಿಯೆರ್ ಡೆನಿಕರ್ ಕ್ಲೋರ್‌ಪ್ರೊಮಝಿನ್ ಎಂಬ ಔಷಧಿಯನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ಅದು ಮತ್ತು ಅದರ ನಂತರ ಬಂದ ಅದೇ ಬಗೆಯ ಔಷಧಿಗಳು ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಇಲ್ಲದ ದನಿಗಳು ಕೇಳುವುದು, ಎಲ್ಲರ ಮೇಲೂ ಸಂಶಯಪಡುವುದು ಇದರಿಂದ ತಗ್ಗುತ್ತದೆ. ಆದರೆ ಕೈಕಾಲುಗಳ ಚಲನೆಗೂ ಮುಖದ ಸ್ನಾಯುಗಳಿಗೂ ಅದೇ ಡೋಪಮಿನ್ ಬೇಕು. ಆದ್ದರಿಂದ ಕೆಲವರ ಮುಖ ಮುಖವಾಡದಂತೆ ಬಿಗಿದುಕೊಳ್ಳುತ್ತದೆ. ನಡೆಯುವಾಗ ಕೈ ಬೀಸುವುದಿಲ್ಲ. ಇನ್ನು ಕೆಲವರಿಗೆ ಒಂದೆಡೆ ಕೂರಲಾಗದ ತಳಮಳ. ವರ್ಷಗಟ್ಟಲೆ ಸೇವಿಸಿದವರಲ್ಲಿ ಕೆಲವರ ತುಟಿ, ನಾಲಿಗೆಗಳು ತಾವಾಗಿಯೇ ಆಡತೊಡಗುತ್ತವೆ. ಹೊಸ ಔಷಧಿಗಳಲ್ಲಿ ಈ ತೊಂದರೆಗಳು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಹಾಗಾದರೆ ರೋಗಿಯ ವಿಚಿತ್ರ ಚಲನೆಗಳೆಲ್ಲ ಔಷಧಿಯ ಫಲವೆ? ಅದೂ ಅಲ್ಲ. ಜರ್ಮನಿಯ ಕಾಲ್‌ಬೌಮ್ ಮನೋರೋಗಿಗಳ ಜಡ ಭಂಗಿಗಳನ್ನು, ಮತ್ತೆ ಮತ್ತೆ ಮಾಡುವ ಒಂದೇ ಚಲನೆಯನ್ನು ವಿವರಿಸಿದ್ದು 1874ರಲ್ಲಿ. ಕೂರಲಾಗದ ತಳಮಳಕ್ಕೆ ಪ್ರಾಗ್‌ನ ಹಾಶ್ಕೊವೆಟ್ಸ್ 'ಅಕಥೀಸಿಯಾ' ಎಂದು ಹೆಸರಿಟ್ಟದ್ದು 1901ರಲ್ಲಿ. ಆಗ ಈ ಔಷಧಿಗಳೇ ಇರಲಿಲ್ಲ. ಅಂದರೆ ಒಂದೇ ಚಲನೆ ರೋಗದಿಂದ ಬಂದಿರಬಹುದು, ಮಾತ್ರೆಯಿಂದ ಬಂದಿರಬಹುದು, ಅಥವಾ ಆ ಮನುಷ್ಯನಿಗೆ ನಿಜವಾಗಿಯೂ ಏನನ್ನೋ ಹೇಳಬೇಕಾಗಿರಬಹುದು.

ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಎಲ್ಲವನ್ನೂ ರೋಗದ ತಲೆಗೆ ಕಟ್ಟಿದರೆ ಔಷಧಿಯಿಂದಾದ ನರಳಾಟ ಕಾಣದೆ ಹೋಗುತ್ತದೆ. ತಳಮಳವನ್ನು ರೋಗವೇ ಉಲ್ಬಣಿಸಿತೆಂದು ತಿಳಿದು ಔಷಧಿಯ ಪ್ರಮಾಣ ಹೆಚ್ಚಿಸಿದರೆ ತಳಮಳ ಇನ್ನಷ್ಟು ಹೆಚ್ಚಬಹುದು. ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟಿದರೆ ಅವನ ದುಃಖಕ್ಕೂ ಸಿಟ್ಟಿಗೂ ಬೆಲೆಯೇ ಇರುವುದಿಲ್ಲ. ಮನೆಯಲ್ಲಿ ಅವಮಾನವಾಗಿ ಮುಖ ತಿರುಗಿಸಿದವನನ್ನು "ಮಾತ್ರೆಯ ಪ್ರಭಾವ, ಬಿಡಿ" ಎಂದು ಬದಿಗೆ ಸರಿಸುವುದು ಅನ್ಯಾಯವಲ್ಲವೆ?

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸ್ಕಿಜೋಫ್ರೇನಿಯಾ ಇರುವ ಅನೇಕರಿಗೆ ಇತರರ ಸನ್ನೆಗಳನ್ನು ತಿಳಿಯುವುದೂ ಕಷ್ಟ. ನಾವು ಬಾಗಿಲ ಬಳಿ ಪಿಸುಗುಟ್ಟಿದರೆ, ಸುಮ್ಮನೆ ಮೂಗು ಒರೆಸಿಕೊಂಡರೆ, ಅದು ತನ್ನ ಕುರಿತೇ ಎನಿಸಬಹುದು. ಔಷಧಿ ಸಂಶಯವನ್ನು ತಗ್ಗಿಸುತ್ತದೆ. ಸನ್ನೆ ಓದುವ ಶಕ್ತಿಯನ್ನು ಅಷ್ಟಾಗಿ ಮರಳಿಸುವುದಿಲ್ಲ. ಆದ್ದರಿಂದ ಅವರೆದುರು ಕಣ್ಸನ್ನೆ ಮಾಡದೆ, ಹೇಳಬೇಕಾದುದನ್ನು ಬಾಯಿಬಿಟ್ಟು ಹೇಳುವುದು ನಮ್ಮ ಹೊಣೆ.

ಇಷ್ಟು ಹೇಳಿದೆವೆಂದು ಯಾರೂ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಚಿಕಿತ್ಸೆ ಸಿಗದ ಮನೋರೋಗಿಗಳಿಗೆ ಸರಪಳಿಯೇ ಗತಿಯಾದದ್ದನ್ನು ನಾವು ಕಂಡಿದ್ದೇವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಆಸರೆ ನಂಬಿ ಬಂದವರನ್ನು ಇರಿಸಿಕೊಂಡಿದ್ದ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದು 28 ಮಂದಿ ಬಲಿಯಾದರು. ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಲಾಗಿತ್ತು. ಔಷಧಿಯ ದೋಷ ಹೇಳುವಾಗ ಈ ದುರಂತವೂ ನೆನಪಿರಲಿ.

ಚಿಕಿತ್ಸೆಯ ಅಡ್ಡಪರಿಣಾಮಗಳನ್ನು ತಿಳಿದುಕೊಳ್ಳುವುದು ರೋಗಿಯ ಹಕ್ಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆದರೆ ಆಸ್ಪತ್ರೆಗೆ ಹೋದಾಗ ಮಾತನಾಡುವವರು ಸಾಮಾನ್ಯವಾಗಿ ಅಣ್ಣನೋ ತಂದೆಯೋ. ರೋಗಿ ಪಕ್ಕದಲ್ಲಿ ಮೌನವಾಗಿ ಕುಳಿತಿರುತ್ತಾನೆ. ಅವನ ಕೈ ಏಕೆ ನಡುಗುತ್ತದೆ, ಏಕೆ ಕೂರಲಾಗುತ್ತಿಲ್ಲ ಎಂಬುದನ್ನು ಮೊದಲು ಅವನನ್ನೇ ಕೇಳೋಣ. ಅವನಿಗೆ ಹೇಳಲಾಗದಿದ್ದರೆ, ಅದು ಯಾವ ಮಾತ್ರೆಯ ನಂತರ ಶುರುವಾಯಿತೆಂದು ಬರೆದಿಟ್ಟು ವೈದ್ಯರಿಗೆ ತೋರಿಸೋಣ. ಅಲ್ಲಿಯವರೆಗೆ ಆ ಮುಖದ ಮೇಲೆ ತೀರ್ಪು ಬರೆಯದಿರೋಣ.