ನೋವು ಕೊಡುವ ಕೈ ಮತ್ತು ವೈಯಾವೃತ್ಯ

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಎಣಿಸಿರುವ ಆರು ಆಭ್ಯಂತರ ತಪಸ್ಸುಗಳಲ್ಲಿ ವೈಯಾವೃತ್ಯವು ಮೂರನೆಯದು. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನನೂ, ಅಂದರೆ ರೋಗಪೀಡಿತನಾದ ಮುನಿಯೂ ಒಬ್ಬನು. ಮುನಿಸಂಘವನ್ನು ಕುರಿತು ಹೇಳಿದ ಈ ಧರ್ಮವನ್ನು ಶ್ರಾವಕನು ತನ್ನ ಮನೆಯ ರೋಗಿಯ ಹಾಸಿಗೆಯವರೆಗೆ ತಂದುಕೊಂಡರೆ ಸಾಮಾನ್ಯವಾಗಿ ಯಾವ ತೊಡಕೂ ಇಲ್ಲ. ಗಂಜಿ ಕುಡಿಸುವುದು, ಮೈ ಒರೆಸುವುದು, ಹಾಸಿಗೆ ಸರಿಪಡಿಸುವುದು, ಇವೆಲ್ಲ ರೋಗಿಗೆ ಹಿತವನ್ನೇ ತರುತ್ತವೆ. ಆದರೆ ಶುಶ್ರೂಷೆಯೇ ನೋವನ್ನು ಹುಟ್ಟಿಸುವಂತಹುದಾದರೆ ಅದನ್ನು ಮಾಡುವ ಕೈ ಅಹಿಂಸಕವೆನಿಸುವುದೆ?

ಈ ಪ್ರಶ್ನೆ ಬರಿಯ ತರ್ಕದ್ದಲ್ಲ. ಗಿಡ್ಡವಾದ ಕಾಲನ್ನು ಉದ್ದಗೊಳಿಸುವ ಶಸ್ತ್ರಚಿಕಿತ್ಸೆ ಆದ ಮನೆಗಳಲ್ಲಿ ಅದು ದಿನಕ್ಕೆ ನಾಲ್ಕು ಬಾರಿ ಎದುರಾಗುತ್ತದೆ. ಸೈಬೀರಿಯದ ಕುರ್ಗಾನ್ ಪಟ್ಟಣದಲ್ಲಿ ಗವ್ರೀಲ್ ಇಲಿಜಾರೋವ್ (1921–1992) ಎಂಬ ವೈದ್ಯರು 1950ರ ದಶಕದಲ್ಲಿ ಬೆಳೆಸಿದ ವಿಧಾನವಿದು. ಪೋಲಿಯೋದಿಂದ ಒಂದು ಕಾಲು ಮೋಟಾದವರಿಗೂ ಅಪಘಾತದಲ್ಲಿ ಮೂಳೆಯ ತುಂಡು ಕಳೆದುಕೊಂಡವರಿಗೂ ಅದರಿಂದ ನಡಿಗೆ ಮರಳಿದೆ. ಮೂಳೆಯನ್ನು ಎಚ್ಚರದಿಂದ ಕತ್ತರಿಸಿ, ಕಾಲಿನ ಸುತ್ತ ಲೋಹದ ಬಳೆಗಳನ್ನು ಕಟ್ಟಿ, ಚರ್ಮದ ಮೂಲಕ ಮೂಳೆಗೆ ತಂತಿಗಳನ್ನು ಹಾಯಿಸಿ ಬಿಗಿಯುತ್ತಾರೆ. ಸುಮಾರು ಒಂದು ವಾರ ಬಿಟ್ಟು, ಬಳೆಗಳ ನಡುವಿನ ನಟ್ಟುಗಳನ್ನು ತಿರುಗಿಸುತ್ತ ಬಂದರೆ ಕತ್ತರಿಸಿದ ಎರಡು ತುದಿಗಳು ದಿನಕ್ಕೆ 1 ಮಿಲಿಮೀಟರಿನಷ್ಟು ದೂರ ಸರಿಯುತ್ತವೆ. ಈ 1 ಮಿಲಿಮೀಟರನ್ನು ಒಮ್ಮೆಲೇ ಮಾಡದೆ 0.25ರಂತೆ ನಾಲ್ಕು ಸಲಕ್ಕೆ ಹಂಚುವುದು ವಾಡಿಕೆ. ಆ ಬಿರುಕಿನಲ್ಲಿ ಹೊಸ ಮೂಳೆ ಹುಟ್ಟುತ್ತದೆ. 5 ಸೆಂಟಿಮೀಟರು ಬೆಳೆಸಲು ಐವತ್ತು ದಿನ ಸಾಕಾದರೂ ಹುಟ್ಟಿದ ಮೂಳೆ ಗಟ್ಟಿಯಾಗಲು ಮತ್ತಷ್ಟು ತಿಂಗಳುಗಳು ಬೇಕು. ಈಗ ಮೂಳೆಯೊಳಗೇ ಇರಿಸುವ, ಹೊರಗಿನ ಅಯಸ್ಕಾಂತದಿಂದ ಚಲಿಸುವ ಸರಳುಗಳೂ ಬಂದಿವೆ. ಬೆಲೆಯ ಕಾರಣ ಅವು ಎಲ್ಲರಿಗೂ ಎಟುಕುವುದಿಲ್ಲ.

ಆಸ್ಪತ್ರೆಯ ವಾಸ ಕೆಲವೇ ದಿನಗಳದು. ಉಳಿದ ತಿಂಗಳುಗಳೆಲ್ಲ ಮನೆಯವು. ಸ್ಪ್ಯಾನರು ಹೆಚ್ಚಾಗಿ ತಾಯಿಯ ಕೈಗೆ ಬರುತ್ತದೆ. ತಿರುಗಿಸುವ ಕ್ಷಣಕ್ಕಿಂತ ಅನಂತರದ ಸೆಳೆತವೇ ಕಠಿಣ. ಮೂಳೆ ಬೆಳೆದಷ್ಟು ಸುಲಭವಾಗಿ ಸ್ನಾಯುಗಳೂ ನರಗಳೂ ಹಿಗ್ಗುವುದಿಲ್ಲ. ಮೊಣಕಾಲು ಮಡಚಿಯೇ ಉಳಿಯದಂತೆ, ಹಿಮ್ಮಡಿ ಮೇಲಕ್ಕೆ ಎಳೆದುಕೊಳ್ಳದಂತೆ, ಪ್ರತಿದಿನ ಕಾಲನ್ನು ನೀಡಿಸಬೇಕು. ಮಗು ಬೇಡವೆಂದು ಅಳುತ್ತದೆ. ತಾಯಿಯ ಕೈ ನಡುಗುತ್ತದೆ.

ಇಂತಹ ಸಂದೇಹವನ್ನು ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿಯೇ ಎತ್ತಿಕೊಂಡಿದ್ದಾರೆ. ದುಃಖವನ್ನು ಉಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವಾದರೆ, ಕೇಶಲೋಚ ಉಪವಾಸಗಳ ಗತಿಯೇನೆಂಬುದು ಅಲ್ಲಿನ ಆಕ್ಷೇಪ. ಅವರು ಕೊಡುವ ದೃಷ್ಟಾಂತ ವೈದ್ಯನದು. ಪರಮ ಕರುಣೆಯಿಂದ, ಶಲ್ಯವಿಲ್ಲದ ಮನಸ್ಸಿನಿಂದ ಸಂಯಮಿಯೊಬ್ಬನ ಕುರುವನ್ನು ಕೊಯ್ಯುವ ವೈದ್ಯನು ನೋವಿಗೆ ನಿಮಿತ್ತನಾದರೂ, ಆ ಹೊರಗಿನ ನಿಮಿತ್ತ ಮಾತ್ರದಿಂದ ಅವನಿಗೆ ಪಾಪಬಂಧವಿಲ್ಲ. ಸ್ಪ್ಯಾನರು ಹಿಡಿದ ತಾಯಿಗೂ ಇದೇ ನ್ಯಾಯ ಸಲ್ಲಬೇಕು.

ಆದರೆ ಈ ಅಭಯವನ್ನು ಅಗ್ಗವಾಗಿ ತೆಗೆದುಕೊಳ್ಳಲಾಗದು. ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಂಡ ಧರ್ಮವಿದು. ಕರುಣೆಯಿದ್ದೂ ಎಚ್ಚರವಿಲ್ಲದ ಕೈ ನಿರ್ದೋಷವಾಗದು. ಮಗುವಿನ ಅಳುವನ್ನು ಸಹಿಸಲಾರದೆ ಸರದಿಗಳನ್ನು ಬಿಡುತ್ತ ಹೋದರೆ ಮೂಳೆ ಅವಧಿಗೆ ಮೊದಲೇ ಕೂಡಿಕೊಂಡು ಮತ್ತೆ ಕತ್ತರಿಸಬೇಕಾದೀತು. ಆ ಮೃದುತ್ವವು ದಯೆಯ ವೇಷದ ಹಿಂಸೆ. ಬೇಗ ಮುಗಿಯಲೆಂದು ಹೆಚ್ಚು ತಿರುಗಿಸಿದರೆ ಹೊಸ ಮೂಳೆ ಕಟ್ಟದೆ ಹೋಗುತ್ತದೆ, ನರಗಳು ನೋಯುತ್ತವೆ. ತಂತಿಯ ಬುಡ ಕೆಂಪಾಗಿದೆಯೆ, ಕೀವು ಕಾಣುತ್ತಿದೆಯೆ, ಪಾದ ಜೋಮು ಹಿಡಿದಿದೆಯೆ, ಬೆರಳುಗಳನ್ನು ಮೇಲೆತ್ತಲು ಬರುತ್ತಿಲ್ಲವೆ ಎಂದು ದಿನವೂ ನೋಡಿ, ಕಂಡೊಡನೆ ವೈದ್ಯರಿಗೆ ತಿಳಿಸುವುದೇ ಇಲ್ಲಿ ಅಪ್ರಮಾದ. ಕೈ ತೊಳೆದುಕೊಳ್ಳುವುದೂ ಅದರೊಳಗೇ ಬಂತು.

ರಾತ್ರಿಭೋಜನ ತ್ಯಾಗದ ಮನೆಗಳಲ್ಲಿ ಇನ್ನೊಂದು ತೊಡಕು ತಲೆದೋರುತ್ತದೆ. ಸೆಳೆತ ನಿದ್ದೆಗೆಡಿಸುವುದು ರಾತ್ರಿಯಲ್ಲಿ. ನೋವಿನ ಮಾತ್ರೆಯ ಹೊತ್ತೂ ಆಗಲೇ. ವ್ರತವು ಸ್ವತಃ ಸ್ವೀಕರಿಸಿದವನ ಸಂಕಲ್ಪ. ಹತ್ತು ವರ್ಷದ ಮಗುವಿನ ಮಾತ್ರೆಯನ್ನು ಹಿರಿಯರ ವ್ರತದ ಹೆಸರಿನಲ್ಲಿ ತಡೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆಹಾರದ ಚಿಂತೆಯಂತೂ ಅನಗತ್ಯ: ಬೇಳೆ, ಹಾಲು, ರಾಗಿ, ಎಳ್ಳುಗಳಿರುವ ಅಡುಗೆಮನೆ ಮೂಳೆಗೆ ಬೇಕಾದುದನ್ನು ಕೊಡಬಲ್ಲದು.

ಎತ್ತರದ ಆಸೆಯೊಂದರಿಂದಲೇ ಆರೋಗ್ಯವಂತ ಕಾಲುಗಳನ್ನು ಕತ್ತರಿಸಿಕೊಳ್ಳುವವರೂ ಇಂದು ಇದ್ದಾರೆ. ದೇಹದ ಆಕಾರ ನಾಮಕರ್ಮದ ಫಲವೆಂದು, ರೂಪದ ಮದ ತ್ಯಾಜ್ಯವೆಂದು ಅಂಥವನಿಗೆ ಹೇಳುವುದಿದ್ದರೆ ಶಸ್ತ್ರಚಿಕಿತ್ಸೆಗೆ ಮುಂಚೆ ಹೇಳಬೇಕು. ಕಾಲಿಗೆ ತಂತಿ ಬಿದ್ದ ಮೇಲೆ ಅವನೂ ಗ್ಲಾನನೇ. ಕೀವು ಒರೆಸುತ್ತ ನೀನೇ ತಂದುಕೊಂಡದ್ದೆಂದು ಹಂಗಿಸುವ ಶುಶ್ರೂಷೆಯಲ್ಲಿ ಔಷಧಿಯಿದ್ದೀತು, ವೈಯಾವೃತ್ಯವಿಲ್ಲ. ನಿರ್ವಿಚಿಕಿತ್ಸೆಗೆ ಉದಾಹರಣೆಯಾದ ಉದ್ದಾಯನ ಮಹಾರಾಜನು, ಮೈಮೇಲೆ ವಾಂತಿಯಾದಾಗಲೂ ತಾನು ಕೊಟ್ಟ ಆಹಾರದಲ್ಲೇ ದೋಷವಿದ್ದೀತೆಂದು ನೊಂದನಲ್ಲದೆ ಅತಿಥಿಯನ್ನು ದೂರಲಿಲ್ಲ.

ಜಿನಾಲಯದ ಟ್ರಸ್ಟುಗಳು ಔಷಧದಾನವೆಂದು ಶಸ್ತ್ರಚಿಕಿತ್ಸೆಯ ಬಿಲ್ಲಿಗೆ ನೆರವಾಗುವುದುಂಟು, ಅದು ಸ್ತುತ್ಯವೇ. ಆದರೆ ಬಿಲ್ಲು ಪಾವತಿಯಾದ ದಿನದಿಂದಲೇ ಮನೆಯ ನಿಜವಾದ ಭಾರ ಆರಂಭವಾಗುತ್ತದೆ. ಗಾಲಿಕುರ್ಚಿ, ವಾಕರ್, ಶೌಚದ ಕುರ್ಚಿಗಳನ್ನು ಟ್ರಸ್ಟು ಕೊಂಡಿಟ್ಟು ಮನೆಯಿಂದ ಮನೆಗೆ ದಾಟಿಸಬಹುದು. ವ್ಯಾಯಾಮ ಮಾಡಿಸುವವರ ವೆಚ್ಚ ವಹಿಸಬಹುದು. ಇದಕ್ಕಿಂತಲೂ ದುರ್ಲಭವಾದುದು ಇನ್ನೊಂದು ಜೊತೆ ಕೈಗಳು. ನಾಲ್ಕು ತಿಂಗಳಿಂದ ಹಗಲಿರುಳೂ ಗಡಿಯಾರ ನೋಡುತ್ತಿರುವ ತಾಯಿಯೂ ಜೀವವೇ; ಅವಳ ದಣಿವಿನಿಂದಲೇ ಪ್ರಮಾದ ಹುಟ್ಟುತ್ತದೆ. ವೈದ್ಯರಿಂದ ಕಲಿತ ನೆರೆಯವರೊಬ್ಬರು ವಾರಕ್ಕೆ ಎರಡು ಮಧ್ಯಾಹ್ನ ಬಂದು ಆ ಸರದಿಯ ನಟ್ಟು ತಿರುಗಿಸಿ ಮಗುವಿನ ಬಳಿ ಕುಳಿತರೆ, ಅವಳು ಬಸದಿಗೆ ಹೋಗಿಬಂದಾಳು, ಇಲ್ಲವೆ ಒಳಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಎರಡು ಗಂಟೆ ನಿದ್ರಿಸಿಯಾಳು.