ಅಪ್ಪ ಏನು ಮಾಡುತ್ತಾರೆ?

ದೊಡ್ಡ ಕಂಪನಿಗಳ ಸಂದರ್ಶನದಲ್ಲಿ ತೀರ ಸಹಜವೆಂಬಂತೆ ಬರುವ ಪ್ರಶ್ನೆಯೊಂದಿದೆ: 'ನಿಮ್ಮ ಮನೆಯ ಹಿನ್ನೆಲೆ ಹೇಳಿ. ಅಪ್ಪ ಏನು ಮಾಡುತ್ತಾರೆ?' ಕೇಳುವವರಿಗೆ ಅದು ಅಭ್ಯರ್ಥಿಯ ಅಳುಕು ತೆಗೆಯುವ ಮಾತು. ಉತ್ತರಿಸುವವನಿಗೆ ಎಷ್ಟೋ ಸಲ ಅದೇ ಕಠಿಣ ಪ್ರಶ್ನೆ.

ಯಲ್ಲಾಪುರ ತಾಲ್ಲೂಕಿನ ಮಾಗೋಡಿನ ಹುಡುಗನೊಬ್ಬ ಬೆಂಗಳೂರಿನಲ್ಲಿ ಆ ಮೇಜಿನ ಮುಂದೆ ಕುಳಿತಿದ್ದಾನೆಂದು ಭಾವಿಸೋಣ. ಮಾಗೋಡು ಎಂದೊಡನೆ ಎದುರಿನವರ ಮುಖ ಅರಳುತ್ತದೆ. ಬೇಡ್ತಿ ನದಿ ಧುಮುಕುವ ಜಲಪಾತವನ್ನು ಅವರು ಬಲ್ಲರು. ಅಲ್ಲಿ ದುಡಿದು ತಿನ್ನುವ ಜನರಿದ್ದಾರೆಂಬುದು ಅವರಿಗೆ ನೆನಪಾಗುವುದು ಮುಂದಿನ ಪ್ರಶ್ನೆಯಲ್ಲಿ. ಹುಡುಗನ ಅಪ್ಪ ಕೊನೆಗೌಡ. ಒಂದು ಅಡಿಕೆ ಮರದ ತುದಿಯಿಂದ ಇಳಿಯದೆಯೇ ಪಕ್ಕದ ಮರ ಹಿಡಿದು ದಾಟಿ ಕೊನೆ ಕೊಯ್ಯುವವನು. ಆ ಕಸುಬು ಹೆಮ್ಮೆಯಿಂದ ಹೇಳಿಕೊಳ್ಳುವಂಥದು. ಆದರೂ ಹುಡುಗ 'ಅಗ್ರಿಕಲ್ಚರ್ ಸರ್' ಎಂದು ಮಾತು ಮುಗಿಸುತ್ತಾನೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ತಪ್ಪು ಯಾರದು?

ಅವನ ಅಳುಕಿಗೆ ಕಾರಣವಿದೆ. ಸಮಾಜಶಾಸ್ತ್ರಜ್ಞರಾದ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನು ಮಾತನಾಡಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರತಿಭೆಯೊಂದೇ ತಮ್ಮ ಅಳತೆಗೋಲು ಎಂದವರೇ ಮನೆತನದ ಹಿನ್ನೆಲೆಯನ್ನೂ ಕೇಳುತ್ತೇವೆ ಎಂದಿದ್ದರು. ಅದೇ ವರ್ಷ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಇನ್ನೊಂದು ಪರೀಕ್ಷೆಯ ಫಲಿತಾಂಶ ಮುಂದಿಟ್ಟರು. 548 ಜಾಹೀರಾತುಗಳಿಗೆ 4,808 ಅರ್ಜಿಗಳು ಹೋಗಿದ್ದವು. ಓದು ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು. ಎಷ್ಟೋ ಜನರಿಗೆ ಆ ಮೇಜಿನವರೆಗೂ ದಾರಿಯಿಲ್ಲ.

ಕಂಪನಿಯವರ ವಾದವನ್ನೂ ಕೇಳಬೇಕು. ಹೊರದೇಶದ ಗ್ರಾಹಕರೊಡನೆ ವ್ಯವಹರಿಸಲು ಇಂಗ್ಲಿಷ್ ಬೇಕು, ನಾಲ್ಕು ಜನರೊಡನೆ ಹೊಂದಿಕೊಳ್ಳುವ ಗುಣ ಬೇಕು. ಒಪ್ಪೋಣ. ಹಾಗಾದರೆ ಅವನ್ನೇ ಪರೀಕ್ಷಿಸಲಿ. ಇನ್ಫೋಸಿಸ್‌ನಂಥ ಸಂಸ್ಥೆ ಮೈಸೂರಿನಲ್ಲಿ ಹೊಸಬರಿಗೆ ತಿಂಗಳುಗಟ್ಟಲೆ ತರಬೇತಿ ಕೊಡುತ್ತದೆ. ಮಾತಿನ ನಯವನ್ನು ಹಾಗೆ ಕಲಿಸಬಹುದು, ಅಪ್ಪನನ್ನು ಬದಲಿಸಲಾಗದು. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಖಾಸಗಿಯವರಿಗೆ ಅದು ಆಗದಿದ್ದರೆ ಪ್ರಶ್ನೆಗಳನ್ನಾದರೂ ತಿದ್ದಿಕೊಳ್ಳಬಹುದು.

ದೂರುವ ನಾವೂ ನಮ್ಮನ್ನು ನೋಡಿಕೊಳ್ಳಬೇಕು. ನಮ್ಮ ಅಂಗಡಿಗೆ, ಶಾಲೆಗೆ ಆಳು ಬೇಕಾದಾಗ ನಾವು ಮೊದಲು ಕೇಳುವುದೂ 'ಯಾರ ಮಗ?' ಎಂದೇ ಅಲ್ಲವೇ? ಗುರುತಿನವನಾದರೆ ಅರ್ಹತೆ ಕೇಳುವುದಿಲ್ಲ, ಗುರುತಿಲ್ಲದವನಾದರೆ ಅರ್ಹತೆ ಕಾಣುವುದಿಲ್ಲ.

ಉರ್ದುವಿನಲ್ಲಿ ಅಮಾನತ್ ಎಂದರೆ ಇನ್ನೊಬ್ಬರು ನಂಬಿ ಒಪ್ಪಿಸಿದ ವಸ್ತು, ಜೋಪಾನ ಮಾಡಿ ಹಿಂದಿರುಗಿಸಬೇಕಾದದ್ದು. ನಮ್ಮ ಕಚೇರಿಗಳ ಕನ್ನಡದಲ್ಲಿ ಅದೇ ಶಬ್ದ ನೌಕರನನ್ನು ಕೆಲಸದಿಂದ ದೂರವಿಡುವುದಕ್ಕೆ ಬಳಕೆಯಾಗುತ್ತಿದೆ. ಕೆಲಸ ಕೊಡುವವರ ಕುರ್ಚಿ ಮೊದಲ ಅರ್ಥದ ಅಮಾನತ್. ಎದುರು ಕುಳಿತವನ ಮಾನ ಅಷ್ಟು ಹೊತ್ತು ಅವರ ಕೈಯಲ್ಲಿರುತ್ತದೆ. ಪ್ರಾಮಾಣಿಕನೊಬ್ಬನು ತನ್ನ ತಂದೆಯನ್ನೇ ಮರೆಮಾಚುವಂತೆ ಮಾಡುವ ಪ್ರಶ್ನೆ ಕೇಳಿದವರ ಯೋಗ್ಯತೆಯನ್ನೇ ಅಳೆಯುತ್ತದೆ. ಕೆಲಸ ಕೊಡಲಿ, ಬಿಡಲಿ. ಅವನು ಒಳಗೆ ಬರುವಾಗ ತಂದ ಮಾನವನ್ನು ಹೊರಗೆ ಹೋಗುವಾಗ ಹಾಗೆಯೇ ಹಿಂದಿರುಗಿಸಬೇಕು.